ನಿಪಮಚನ ಕಳಲೆ ಸಾರು

ವರ್ಷದಲ್ಲಿ ಒಂದು ದಿನ ನಿಪಮಚನ ಹೆಂಡತಿ ಮೇಮ್ತೊಂಬಿ ಒಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ನಿಂಗೊಲ್ ಚಾಕೌಬದ ದಿನ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಊಟಕ್ಕೆ ಹೊರಡುತ್ತಾರೆ; ಅವಳೂ ಒಂದು ಮನೆಯ ಮಗಳೇ ತಾನೇ? ಅವಳು ಅತ್ತ ಹೋದರೆ ಇತ್ತ ನಿಪಮಚನ ಅಕ್ಕ, ತಂಗಿ ಅವನ ಮನೆಗೆ ಬರುತ್ತಾರೆ. ಹಾಗಾದರೆ ಅಡುಗೆ ಯಾರದು? ಇನ್ಯಾರದು, ಗಂಡಸರದ್ದೇ. ಆ ದಿನ ಮಧ್ಯಾಹ್ನದ ಹೊತ್ತಿಗೆ ಊರಿನ ಅರ್ಧ ಗಂಡಸರ ಬೆರಳಿಗೆ ಬಟ್ಟೆ ಸುತ್ತಿರುತ್ತದೆ.

"ಮೀನು ಕೊಯ್ದಿಟ್ಟಿದೀನಿ. ಕಳಲೆ ಬಟ್ಟಲಲ್ಲಿದೆ," ಎಂದಳು ಮೇಮ್ತೊಂಬಿ, ಹೊಸ ಫನೆಕ್ ಉಟ್ಟು, ಘಮಘಮ ಕೂದಲು ಬೆನ್ನಮೇಲೆ ಇಳಿಬಿಟ್ಟುಕೊಂಡು. "ಹುಳಿ ಸಾಲದಿದ್ರೆ ಗಡಿಗೆಯಿಂದ ಒಂದು ಸೌಟು ಹುಳಿನೀರು ಹಾಕಿ. ಒಂದೇ ಸೌಟು! ಕಿವಿಗೆ ಬಿತ್ತಾ?"

"ಯಾವ ಗಡಿಗೆ?"

"ಅಯ್ಯೋ ನನ್ನ ಕರ್ಮವೇ! ಒಲೆ ಪಕ್ಕದ್ದು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತಿದೆ, ನಿಮ್ಮ ಕಣ್ಣಿಗೇ ಬಿದ್ದಿಲ್ಲ."

ಆಟೋ ಹಾರನ್ ಹೊಡೆಯಿತು. ಅವಳು ಹೋದಳು.

ಬೇರೆ ವರ್ಷವಾಗಿದ್ದರೆ ನಿಪಮಚ ಇಷ್ಟು ಹೆದರುತ್ತಿರಲಿಲ್ಲ. ಸುಟ್ಟದ್ದೋ ಬೆಂದದ್ದೋ ಒಂದಿಷ್ಟು ಬಡಿಸಿ, ಉಡುಗೊರೆ ಕೊಟ್ಟು, ಬೈಸಿಕೊಂಡು, ಆಶೀರ್ವಾದ ಪಡೆದು ಕೈತೊಳೆದುಕೊಳ್ಳುತ್ತಿದ್ದ. ಈ ಸಲ ಹಾಗಲ್ಲ. ಅಕ್ಕ ಸನಹನ್ಬಿ ಊಟ ಬಿಟ್ಟಿದ್ದಳು. ಭಾವ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವಳ ಬಳೆ ಈಗ ಮೊಣಕೈವರೆಗೂ ಜಾರುತ್ತಿತ್ತು. ಗರ್ಭಕೋಶದ ಗಡ್ಡೆ ತೆಗೆಯಬೇಕು ಎಂದ ಡಾಕ್ಟರು ಅವಳ ರಕ್ತ ನೋಡಿ, "ಮೊದಲು ಹೊಟ್ಟೆತುಂಬ ಉಣ್ಣಿ, ಆಮೇಲೆ ಕತ್ತರಿ ಹಿಡೀತೀನಿ" ಎಂದು ವಾಪಸು ಕಳಿಸಿದ್ದರು. ನಿಪಮಚನಿಗೆ ಒಂಬತ್ತು ವರ್ಷವಿದ್ದಾಗ ತಾಯಿ ಸತ್ತಳು. ಅಂದಿನಿಂದ ಕಳಲೆ ಸಾರು ಕಲಸಿ ತುತ್ತು ಮಾಡಿ ಅವನ ಬಾಯಿಗಿಟ್ಟವಳು ಈ ಅಕ್ಕ. ಅವಳು ಇವತ್ತು ಒಂದು ಎಲೆ ಅನ್ನ ಖಾಲಿ ಮಾಡಲಿ, ಬೇರೇನೂ ಬೇಡ ಎಂದು ಮನೆದೇವರು ಸನಾಮಹಿಯ ಮೂಲೆಗೆ ಮೂರು ಸಲ ಕೈಮುಗಿದಿದ್ದ.

ಮೀನು ಕುದಿಯಿತು, ಕಳಲೆ ಬೆಂದಿತು. ರುಚಿ ನೋಡಿದ. ಸಪ್ಪೆ! ತಾಯಿಯ ಕಾಲದ ಆ ಹುಳಿ ಎಲ್ಲಿ? ಒಲೆಯ ಪಕ್ಕದ ಗಡಿಗೆ ತೆರೆದ. ಬೆಳ್ಳಗೆ ಗಂಜಿಯಂಥ ಹುಳಿನೀರು, ಮೇಲೆ ನಾಲ್ಕು ಹಸಿರೆಲೆ ತೇಲುತ್ತಿದ್ದವು. ಎಲೆ ಬೇರೆ ಹಾಕಿದ್ದಾಳೆ ಪುಣ್ಯಾತ್ಗಿತ್ತಿ ಎಂದು ಮೆಚ್ಚಿಕೊಂಡ. ಒಂದು ಸೌಟು ಹಾಕಿದ. ಅಕ್ಕ ಉಣ್ಣಬೇಕಲ್ಲ ಎಂದು ಇನ್ನೆರಡು ಹಾಕಿದ.

ಮೊದಲು ಬಂದವಳು ತಂಗಿ ಇಬೆತೊನ್. ತಾಯಂದಿರಿಗೆ ಪೌಷ್ಟಿಕ ಆಹಾರದ ಪಾಠ ಹೇಳುವುದು ಅವಳ ಕೆಲಸ. ಒಂದು ಕೈಯಲ್ಲಿ ಒಂದೆಲಗ, ಕೆಸುವಿನ ಸೊಪ್ಪು, ನೆಲ್ಲಿಕಾಯಿ ತುಂಬಿದ ಚೀಲ, ಇನ್ನೊಂದರಲ್ಲಿ ಸುರುಳಿ ಸುತ್ತಿದ ಬಣ್ಣದ ಪಟ.

"ಹಬ್ಬಕ್ಕೂ ಪಾಠ ತಂದ್ಯಾ ಮಾರಾಯ್ತಿ?"

"ಊಟ ಬಲ್ಲವನಿಗೆ ರೋಗವಿಲ್ಲ, ತಾದಾ. ನಿನಗೆ ಉಣ್ಣೋದು ಗೊತ್ತು, ಊಟ ಬಲ್ಲೆ ಅಂತ ಹೇಳೋಕಾಗಲ್ಲ," ಎಂದು ಅಣ್ಣನಿಗೆ ತಿರುಗೇಟು ಕೊಟ್ಟು ಅವಳು ಪಟವನ್ನು ಗೋಡೆಗೆ ತೂಗುಹಾಕಿಯೇ ಬಿಟ್ಟಳು.

ಸನಹನ್ಬಿ ಹಿಂದೆಯೇ ಬಂದಳು. ಗಾಳಿ ಬೀಸಿದರೆ ಹಿಡಿದುಕೊಳ್ಳಬೇಕು, ಹಾಗಿದ್ದಳು. "ಇಚೆ, ಬಾ ಬಾ" ಎಂದು ನಿಪಮಚ ಅಕ್ಕನ ಕೈ ಹಿಡಿದು ಕೂರಿಸಿದ. ಬಾಳೆಲೆ ಹಾಕಿ ಬಡಿಸಿದ. ಎದುರಿಗೇ ಕೂತು ಅವಳ ಬಾಯನ್ನೇ ನೋಡತೊಡಗಿದ.

"ಆಹಾ!" ಎಂದಳು ಇಬೆತೊನ್ ಎರಡನೇ ತುತ್ತು ನುಂಗುತ್ತ. "ಏನೋ ಹೊಸಾ ಪರಿಮಳ ಇದೆ. ಹುದುಗು ಬಂದ ಕಳಲೆ ಅಂದ್ರೆ ಸುಮ್ನೆ ಅಲ್ಲ. ನಾರು, ಸತ್ವ, ಜೀರ್ಣಕ್ಕೆ ಒಳ್ಳೇದು. ನೋಡು ಇಚೆ, ಪಟದಲ್ಲಿ ನಾಲ್ಕನೇದು."

ಸನಹನ್ಬಿ ಒಂದು ತುತ್ತು ಬಾಯಿಗಿಟ್ಟಳು. ದವಡೆ ನಿಂತಿತು.

"ಏನೋ ಇದು?"

"ಕಳಲೆ ಸಾರು, ಇಚೆ. ಅಮ್ಮ ಮಾಡ್ತಿದ್ದ ಹಾಗೇ."

"ಅಮ್ಮ ಹೀಗೆ ಮಾಡಿರ್ಲಿಲ್ಲ ಕಣೋ." ಅವಳು ಎಲೆಯ ಮೇಲೆ ಬಗ್ಗಿ ಮೂಸಿದಳು. ಆಮೇಲೆ ತನ್ನದೇ ಜಡೆಯ ತುದಿ ಎಳೆದುಕೊಂಡು ಮೂಗಿಗೆ ಹಿಡಿದಳು. ಮತ್ತೆ ಸಾರು, ಮತ್ತೆ ಜಡೆ. "ಯಾವ ಗಡಿಗೆಯಿಂದ ಹಾಕ್ದೆ?"

"ಒಲೆ ಪಕ್ಕದ್ದು."

ಸನಹನ್ಬಿ ಎದ್ದು ನೋಡಿದಳು. ಒಲೆಯ ಪಕ್ಕದಲ್ಲಿದ್ದದ್ದು ಮೇಮ್ತೊಂಬಿ ಹಿಂದಿನ ದಿನ ಕಾಯಿಸಿ ತಲೆ ತೊಳೆದು ಉಳಿಸಿದ ಚೆಂಗಿ: ಅಕ್ಕಿ ತೊಳೆದ ನೀರು, ನಿಂಬೆಸೊಪ್ಪು. ಕಳಲೆಯ ಹುಳಿನೀರಿನ ಗಡಿಗೆ ಅದರ ಹಿಂದೆ ಮೂಲೆಗೆ ಸರಿದಿತ್ತು.

"ಲೋ ಕತ್ತೆ! ನಮಗೆ ತಲೆಗೆ ಹಾಕ್ಕೊಳ್ಳೋದನ್ನ ಉಣ್ಣಿಸ್ತಿದೀಯಲ್ಲೋ!"

ಇಬೆತೊನ್‌ಳ ಕೈ ಬಾಯಿಯ ಹತ್ತಿರವೇ ನಿಂತಿತು. ಸನಹನ್ಬಿ ಅವಳನ್ನು ನೋಡಿದಳು, ಪಟವನ್ನು ನೋಡಿದಳು. "ಇದೆಷ್ಟನೇದೇ, ಪಟದಲ್ಲಿ?" ಎಂದವಳೇ ನಗತೊಡಗಿದಳು. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹದಿನಾಲ್ಕು ತಿಂಗಳಲ್ಲಿ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ನಿಪಮಚನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮಾಡಿದ್ದುಣ್ಣೋ ಮಹರಾಯ! ಒಳಗಡೆಯಿಂದಾದ್ರೂ ಕೂದಲು ಬರುತ್ತೋ ನೋಡೋಣ," ಎಂದು ಅವನ ಬೋಳುತಲೆಗೆ ಒಂದು ಮೊಟಕಿ, ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಇಚೆ, ಬೇಡ! ಇವತ್ತು ನೀನು ಒಲೆ ಮುಟ್ಟಬಾರದು. ಜನ ಏನಂದಾರು?"

"ತಮ್ಮನ ಸಾರು ಉಂಡು ಸತ್ಲು ಅನ್ನೋದಕ್ಕಿಂತ ವಾಸಿ. ಸರಿ ಆಕಡೆ."

ಮಿಕ್ಕಿದ್ದ ಮೀನು, ಮಿಕ್ಕಿದ್ದ ಕಳಲೆ ಬಾಣಲೆಗೆ ಬಿದ್ದವು. ತಂಗಿ ತಂದ ಕೆಸುವಿನ ಸೊಪ್ಪೂ ಬಿತ್ತು. ಈ ಸಲ ಸರಿಯಾದ ಗಡಿಗೆಯಿಂದ ಒಂದೇ ಸೌಟು. ಆ ವಾಸನೆ ಎದ್ದಾಗ ಪಕ್ಕದ ಮನೆಯ ನಾಯಿ ಬಂದು ಬಾಗಿಲಲ್ಲಿ ಕೂತಿತು. ಸನಹನ್ಬಿ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದಳು. ಉಪ್ಪು ಹಾಕಿ ಮತ್ತೆ ನೆಕ್ಕಿದಳು. ಖಾರ ನೋಡಬೇಕೆಂದು ಒಂದು ತುಂಡು ಮೀನು, ಬೆಂದಿತೋ ನೋಡಬೇಕೆಂದು ಇನ್ನೊಂದು.

ಆಮೇಲೆ ಮೂವರೂ ಕೂತರು. ಸನಹನ್ಬಿ ಎಲೆ ಖಾಲಿ ಮಾಡಿ, "ಅನ್ನ ಹಾಕೋ, ಬೆಪ್ಪು ನನ್ಮಗನೇ," ಎಂದಳು. ನಿಪಮಚ ಎರಡು ಸೌಟು ಹಾಕಿದ.

"ಮನೇಲಿ ಯಾಕೆ ಉಣ್ಣಲ್ಲ ಇಚೆ?" ಎಂದು ಕೇಳಿಯೇ ಬಿಟ್ಟ.

ಅವಳು ಅನ್ನ ಕಲಸುತ್ತಲೇ ಇದ್ದಳು. "ಒಬ್ಬಳಿಗೋಸ್ಕರ ಒಲೆ ಹಚ್ಚೋಕೆ ಕೈ ಬರಲ್ಲ ಕಣೋ."

ಇಬೆತೊನ್ ಎದ್ದು ಹೋಗಿ ಗೋಡೆಯ ಪಟವನ್ನು ಸದ್ದಿಲ್ಲದೆ ಸುತ್ತಿಟ್ಟಳು.

ಸಂಜೆ ಉಡುಗೊರೆಯ ಸೀರೆ ಕೊಟ್ಟು, ಕಾಲಿಗೆ ಬಿದ್ದು ಆಶೀರ್ವಾದ ಪಡೆದು, ನಿಪಮಚ ಗೇಟಿನವರೆಗೆ ಬಂದ.

"ನಾಳೆ ರಾತ್ರಿ ನಿಮ್ಮನೇಲಿ ನನ್ನ ಊಟ, ಇಚೆ. ನಾಡಿದ್ದೂ."

"ಯಾಕೋ, ಮೇಮ್ತೊಂಬಿ ವಾಪಸ್ ಬರಲ್ವಾ?"

"ಬರ್ತಾಳೆ. ಅವಳನ್ನೂ ಕರ್ಕೊಂಡು ಬರ್ತೀನಿ. ಚೆಂಗಿ ವಿಷಯ ಗೊತ್ತಾದ್ರೆ ಹೇಗೂ ನನಗೆ ಮನೇಲಿ ಅನ್ನ ಸಿಗಲ್ಲ."

ಸನಹನ್ಬಿ ಬಳೆಯನ್ನು ಮೊಣಕೈಯಿಂದ ಮಣಿಕಟ್ಟಿಗೆ ಇಳಿಸಿಕೊಂಡಳು.

"ಹಾಗಾದ್ರೆ ಬೆಳಗ್ಗೆನೇ ಹೇಳಿಕಳಿಸು," ಎಂದಳು. "ಎಷ್ಟು ಜನಕ್ಕೆ ಅಕ್ಕಿ ಹಾಕಬೇಕು ಅಂತ ನನಗೆ ಗೊತ್ತಾಗಬೇಕಲ್ಲ."