ಹಗ್ಗದ ಮೇಲಿನ ಡಾಕ್ಟರು

ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಅವಳು ಮಾತು ಕೊಟ್ಟು ನಾಲ್ಕು ವರ್ಷವಾಗಿತ್ತು. ಕೊಟ್ಟದ್ದು ಆಸ್ಪತ್ರೆಯ ಅಂಗಳದಲ್ಲಿ, ಎರಡೂ ಕೈಯಲ್ಲಿ ಡಾಕ್ಟರ ಒದ್ದೆ ಶರ್ಟು ಹಿಡಿದುಕೊಂಡು.

"ಗಟ್ಟಿಯಾಗಿ ಹೇಳೇ, ಮೂಗಲ್ಲಿ ಮಾತಾಡ್ಬೇಡ," ಎಂದಿದ್ದ ಪಂಚಾಯಿತಿ ಅಧ್ಯಕ್ಷ.

"ಸಾಯೋವರೆಗೂ ಹೇಳಲ್ಲ ಧಣಿ."

"ಹೇಳಿದ್ರೆ?"

"ಕೆಲ್ಸ ಬಿಟ್ಟು ಹೋಗ್ತೀನಿ."

"ನೀನೇನೇ ಬಿಡೋದು? ಒದ್ದು ಓಡಿಸ್ತೀನಿ. ಕಕ್ಕಸು ತೊಳೆಯೋರು ಕೆಳಗಿನ ಕೇರೀಲಿ ಮನೆಗೆ ಮೂರು ಬಿದ್ದಿದಾರೆ."

ಡಾಕ್ಟರು ಕಾರಿನಲ್ಲಿ ಕೂತು ಫೋನು ನೋಡುತ್ತಿದ್ದರು. ತಲೆ ಎತ್ತದೆ, "ನೀಲಿ ಶರ್ಟನ್ನ ಮುಂದೆ ಹಾಕೋಕೆ ಹೇಳಿ. ದೂರದಿಂದ ಕಾಣ್ಬೇಕು," ಎಂದರು.

ಹಳ್ಳಿಯಲ್ಲೇ ವಾಸವಿರುವ ಡಾಕ್ಟರಿಗೆ ಸರ್ಕಾರ ಸಂಬಳದ ಮೇಲೆ ಭತ್ಯೆ ಕೊಡುತ್ತಿತ್ತು. ಐದು ವರ್ಷ ನಿಂತರೆ ಮೇಲಿನ ಓದಿಗೆ ಸೀಟು. ಡಾಕ್ಟರಿಗೆ ಟೌನಿನಲ್ಲಿ ಸ್ವಂತ ಕ್ಲಿನಿಕ್ಕಿತ್ತು, ಇಲ್ಲಿಗೆ ಸೋಮವಾರ ಮಾತ್ರ ಬರುತ್ತಿದ್ದರು. ಉಳಿದ ಆರು ದಿನ ಕ್ವಾರ್ಟರ್ಸಿನಲ್ಲಿ ವಾಸ ಮಾಡುತ್ತಿದ್ದುದು ಅವರ ಬಟ್ಟೆ. ನಾಲ್ಕು ಶರ್ಟು, ಎರಡು ಪ್ಯಾಂಟು, ಒಂದು ಟವೆಲು. ದಿನಾ ಬೆಳಿಗ್ಗೆ ನೆನೆಸಿ, ಹಿಂಡಿ, ಮುಂದಿನ ಹಗ್ಗಕ್ಕೆ ಹಾಕಬೇಕು, ಸಂಜೆ ತೆಗೆಯಬೇಕು. ಬಾಗಿಲ ಹೊರಗಿನ ಚಪ್ಪಲಿಯನ್ನು ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ತಿರುಗಿಸಿಡಬೇಕು. ಯಾರೂ ತೊಡದ ಶರ್ಟಿನ ಕಾಲರು ಒಗೆದು ಒಗೆದೇ ಹರಿದಿತ್ತು. ಮನೆಯೊಳಗೆ ಮಾಡಿನವರೆಗೆ ಅಧ್ಯಕ್ಷನ ಗೊಬ್ಬರದ ಚೀಲ. ಬೀಗದ ಕೈ ಅವಳ ಸೊಂಟದಲ್ಲಿ.

ಊರು ಅವಳನ್ನು ಫಿನಾಯಿಲ್ ಎಂದು ಕರೆಯುತ್ತಿತ್ತು. ಅಕ್ಕ ಎಂದವಳು ನರ್ಸಮ್ಮ ಒಬ್ಬಳೇ. ಔಷಧಿ ಕೋಣೆಯ ಪಕ್ಕ ನರ್ಸಮ್ಮನಿಗೊಂದು ಗೂಡು ಕೊಟ್ಟಿದ್ದರು, ಒಳಗಿನಿಂದ ಚಿಲಕವಿಲ್ಲದ್ದು. ಅಧ್ಯಕ್ಷನ ತಮ್ಮ ಎರಡು ಸಲ ಆ ಬಾಗಿಲು ತಳ್ಳಿದ. ಚಿಲಕ ಕೇಳಿ ನರ್ಸಮ್ಮ ಏಳು ಅರ್ಜಿ ಬರೆದಳು. ಎಂಟನೆಯದು ರಾಜೀನಾಮೆ.

"ನಿಲ್ತೀನಿ ಅಂದೋಳಿಗೆ ಒಂದು ಚಿಲಕ ಕೊಡ್ಲಿಲ್ಲ ನೋಡಕ್ಕಾ ಈ ಬೇವರ್ಸಿಗಳು," ಎಂದಳು ಬಸ್ಸು ಹತ್ತುವಾಗ. "ಇರದೋನಿಗೆ ಮೂರು ಕೋಣೆ ಮನೆ."

ನರ್ಸಮ್ಮ ಹೋದ ಮೇಲೆ ಹೆರಿಗೆಗಳು ಅವಳ ಕೈಗೇ ಬಿದ್ದವು. ಸಲೀಸಾದವನ್ನು ಮಾಡಿಸುತ್ತಿದ್ದಳು. ಕಷ್ಟದವನ್ನು, ಡಾಕ್ಟರು ಊಟಕ್ಕೆ ಹೋಗಿದಾರೆ ಎಂದೋ ಮೀಟಿಂಗಿನಲ್ಲಿದಾರೆ ಎಂದೋ ಹೇಳಿ ಬಾಗಿಲಿನಿಂದಲೇ ಟೌನಿಗೆ ಅಟ್ಟುತ್ತಿದ್ದಳು. ಹೆತ್ತ ಮಗಳಿಗೂ ನಿಜ ಹೇಳಿರಲಿಲ್ಲ. ಮಗಳನ್ನು ದಿಬ್ಬದಾಚೆಯ ಊರಿಗೆ ಕೊಟ್ಟಿತ್ತು. "ನಿಮ್ ಡಾಕ್ಟ್ರು ಹೆಂಗಮ್ಮಾ?" ಎಂದು ಕೇಳಿದಾಗ, "ದೇವ್ರಂಥೋರು ಕಣೇ," ಎಂದಿದ್ದಳು. ಕಣ್ಣಿಗೆ ಕಾಣೋದಿಲ್ಲ ಎಂಬುದನ್ನು ನುಂಗಿಕೊಂಡಿದ್ದಳು.

ಆ ಗುರುವಾರ ಬೆಳಿಗ್ಗೆ ಅವಳು ಹೆರಿಗೆ ಮೇಜಿಗೆ ಬ್ರಶ್ಶು ಹಾಕುತ್ತಿದ್ದಾಗ ಅಳಿಯ ಮತ್ತು ಅವನ ಅಣ್ಣ ಒಂದು ಮಂಚ ಹೊತ್ತು ಬಂದರು, ಮೇಲೆ ತುಂಬು ಬಸುರಿ ಮಗಳು. ಮಂಚದ ಹಗ್ಗದಿಂದ ರಕ್ತ ಸೋರುತ್ತಿತ್ತು.

"ಅತ್ತೆ, ಡಾಕ್ಟ್ರನ್ನ ಕರೀರಿ! ನಿಲ್ತಾನೇ ಇಲ್ಲ!"

"ಟೌನಿಗ್ಯಾಕೋ ಹೋಗ್ಲಿಲ್ಲ? ಒಂಬತ್ತರ ಬಸ್ಸಿತ್ತಲ್ಲೋ!"

"ಬಂತು ಅತ್ತೆ. ಕೈ ತೋರ್ಸಿದ್ರೆ ನಿಲ್ಸ್ತಿದ್ದ. ಅಷ್ಟರಲ್ಲಿ ದಿಬ್ಬದ ಮೇಲಿಂದ ನೀಲಿ ಶರ್ಟು ಕಾಣಿಸ್ತು. ಡಾಕ್ಟ್ರು ಮನೇಲೇ ಇದಾರಲ್ಲ, ಟೌನ್ ಯಾಕೆ ಅಂತ ನಾನೇ ಬಸ್ಸನ್ನ ಬಿಟ್ಟೆ."

ಅವಳು ಒಳಗೆ ಓಡಿ ಫೋನು ಮಾಡಿದಳು.

"ಇವತ್ತು ಸೋಮವಾರವೇನೇ?" ಎಂದರು ಡಾಕ್ಟರು.

"ನನ್ ಮಗಳು ಸಾರ್. ರಕ್ತ—"

"ಕಾಲು ಎತ್ತರಕ್ಕಿಡು. ಟೌನಿಗೆ ಸಾಗ್ಸು. ಮತ್ತೆ ನೋಡು, ನಾನಿಲ್ಲ ಅಂತ ಎಲ್ಲೂ ಬಾಯಿ ಬಿಡ್ಬೇಡ."

ಮುಂದಿನ ಬಸ್ಸು ಎರಡು ಗಂಟೆಗೆ. ಬೀರುವಿನಲ್ಲಿ ಹತ್ತಿ ಮುಗಿದಿತ್ತು. ಅವಳು ಹೊರಗೆ ಹೋಗಿ ಹಗ್ಗದಿಂದ ಟವೆಲು ಎಳೆದಳು, ಆಮೇಲೆ ಬಿಳಿ ಶರ್ಟು, ಆಮೇಲೆ ನೀಲಿ. ಒಂದೊಂದಾಗಿ ಮಡಚಿ ಒತ್ತಿ ಹಿಡಿದಳು. ಒಂದೊಂದಾಗಿ ತೊಯ್ದವು.

ಅಳಿಯ ಕ್ವಾರ್ಟರ್ಸಿನ ಬಾಗಿಲು ಬಡಿಯುತ್ತಿದ್ದ. "ಡಾಕ್ಟ್ರೇ! ಎದ್ದೇಳಿ ಡಾಕ್ಟ್ರೇ! ಕಾಲಿಗೆ ಬೀಳ್ತೀನಿ!" ಆಮೇಲೆ, "ಬಾಗಿಲು ತೆಗ್ಯೋ ಸೂಳೆಮಗನೇ!"

"ಬಂದ್ರಾ ಅಮ್ಮಾ?" ಎಂದಳು ಮಗಳು.

"ಬರ್ತಿದಾರೆ ಕಂದಾ. ಕೈ ತೊಳ್ಕೊತಿದಾರೆ."

ಹನ್ನೆರಡರ ಹೊತ್ತಿಗೆ ಮಗಳು ಹೋದಳು. ಮಗು ಹೊಟ್ಟೆಯಲ್ಲೇ ಉಳಿಯಿತು. ಬಾಗಿಲು ಬಡಿಯುವುದು ಆಮೇಲೂ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.

ಸೋಮವಾರ ಡಾಕ್ಟರು ಬಂದರು. ಹಗ್ಗ ನೋಡಿ, "ಶರ್ಟೆಲ್ಲಿ?" ಎಂದರು.

"ಮಗಳ ಜೊತೆ ಹೂಳಿದ್ವಿ ಸಾರ್."

ಡಾಕ್ಟರು ಮುಖ ತಿರುಗಿಸಿದರು. ಅಧ್ಯಕ್ಷ ಒಂದು ಹಾಳೆ ಚಾಚಿದ. "ಹೆಬ್ಬೆಟ್ಟೊತ್ತು. ಡಾಕ್ಟ್ರು ಟೌನಿಗೆ ಹೋಗಿ ಅಂದ್ರು, ನಾವೇ ಕೇಳ್ಲಿಲ್ಲ ಅಂತ ಬರ್ದಿದೆ."

"ಅಳಿಯ ಏನಂತಾನೋ ಧಣಿ."

"ಅವನಾ? ಡಾಕ್ಟ್ರು ಒಳಗಿದ್ರು, ಬಾಗಿಲು ತೆಗೀಲಿಲ್ಲ ಅಂತ ಊರೆಲ್ಲಾ ಬೈಕೊಂಡು ತಿರುಗ್ತಿದಾನೆ. ತಿರುಗ್ಲಿ ಬಿಡು. ಡಾಕ್ಟ್ರು ಮನೇಲಿದ್ರು ಅಂತ ಅವನೇ ಸಾಕ್ಷಿ ಹೇಳ್ದಂಗಾಯ್ತು!" ಅಧ್ಯಕ್ಷ ನಕ್ಕ. "ಒತ್ತೇ, ಮೆಲ್ಲಗೆ. ಇಂಕು ಚೆಲ್ಲುತ್ತೆ."

ಅವಳು ಒತ್ತಿದಳು. ಡಾಕ್ಟರು ಕಾರಿನಿಂದ ಒಂದು ಪೊಟ್ಟಣ ತೆಗೆದುಕೊಟ್ಟರು. "ಬುಧವಾರ ತಪಾಸಣೆ ಇದೆ. ಹೊಸ ಶರ್ಟಿದು. ಒಗೆದು ಹಾಕು."

ಬುಧವಾರ ಮೂವರು ಅಧಿಕಾರಿಗಳು ಒಬ್ಬ ಗುಮಾಸ್ತನ ಜೊತೆ ಬಂದರು. ಹಳ್ಳಿಗಳಲ್ಲಿ ಡಾಕ್ಟರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ವರದಿ ಬರೆಯುವವರು. ಅಂಗಳದಲ್ಲಿ ಕುರ್ಚಿ ಹಾಕಿತ್ತು. ಬೇಲಿಯಾಚೆ ಊರಿನವರು ನಿಂತಿದ್ದರು. ಅವರ ನಡುವೆ ಅಳಿಯನೂ ಇದ್ದ, ಅಧ್ಯಕ್ಷನ ಇಬ್ಬರು ಆಳುಗಳು ಅವನ ರಟ್ಟೆ ಹಿಡಿದಿದ್ದರು.

"ನಾಲ್ಕು ವರ್ಷ!" ಎಂದ ಹಿರಿಯ ಅಧಿಕಾರಿ, ಹಗ್ಗದ ಕಡೆ ನೋಡುತ್ತ. "ಬೇರೆ ಕಡೆ ಆರು ತಿಂಗಳು ನಿಲ್ಲಲ್ಲ ರೀ ಇವರು. ನಿಮ್ಮೂರಿನ ಗುಟ್ಟೇನು ಅಧ್ಯಕ್ಷರೇ?"

"ಪ್ರೀತಿ ಸಾರ್. ಜನರ ಪ್ರೀತಿ."

ಅವಳು ಚಹಾದ ಲೋಟ ತೊಳೆಯುತ್ತಿದ್ದಳು. ಅಧಿಕಾರಿ ಸುಮ್ಮನೆ ಕೇಳಿದ ಹಾಗೆ ಕೇಳಿದ, "ಏನಮ್ಮಾ, ಡಾಕ್ಟ್ರು ಚೆನ್ನಾಗಿ ನೋಡ್ಕೋತಾರಾ?"

"ಅವಳನ್ನೇನು ಕೇಳ್ತೀರಾ ಸಾರ್, ಅದು ಫಿನಾಯಿಲ್ಲು!" ಎಂದ ಅಧ್ಯಕ್ಷ. ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು.

ಅವಳು ಲೋಟ ಕೆಳಗಿಟ್ಟಳು. ಒದ್ದೆ ಕೈಯಲ್ಲೇ ಸೊಂಟದಿಂದ ಬೀಗದ ಕೈ ತೆಗೆದು, ಚಪ್ಪಲಿಗಳನ್ನು ಕಾಲಿನಿಂದ ಬದಿಗೆ ಸರಿಸಿ, ಕ್ವಾರ್ಟರ್ಸಿನ ಬಾಗಿಲು ತೆರೆದಳು. ಗೊಬ್ಬರದ ಘಾಟು ಅಂಗಳಕ್ಕೆ ನುಗ್ಗಿತು. ಮೇಲಿನ ಒಂದು ಚೀಲ ಜಾರಿ ಹೊಸ್ತಿಲ ಮೇಲೆ ಬಿತ್ತು.

"ಇಲ್ಲಿ ವಾಸ ಇರೋದು ಇದು ಸಾರ್," ಎಂದಳು. "ಡಾಕ್ಟ್ರು ಸೋಮವಾರ ಬರ್ತಾರೆ. ಶರ್ಟು ದಿನಾ ನಾನು ಹಾಕ್ತೀನಿ."

"ಮುಂಡೇದೇ!" ಅಧ್ಯಕ್ಷ ಎದ್ದ.

ಅಧಿಕಾರಿ ಗುಮಾಸ್ತನ ಕೈ ಹಿಡಿದ. "ಇದನ್ನ ಬರ್ಕೋಬೇಡಪ್ಪ."

ಆಳುಗಳ ಕೈ ಸಡಿಲವಾಗಿತ್ತು. ಅಳಿಯ ಬೇಲಿ ದಾಟಿ ಬಂದ. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಅವನು ಡಾಕ್ಟರ ಕಡೆ ನೋಡಲೇ ಇಲ್ಲ. ತೆರೆದ ಬಾಗಿಲನ್ನು ನೋಡಿದ, ಚೀಲಗಳನ್ನು ನೋಡಿದ, ಅವಳನ್ನು ನೋಡಿದ.

"ನಿಂಗೆ ಗೊತ್ತಿತ್ತಾ ಅತ್ತೆ?"

"ಗೊತ್ತಿತ್ತು."

"ನಾನು ಬಡೀತಿದ್ದಾಗ?"

"ಕೀಲಿ ನನ್ ಹತ್ರಾನೇ ಇತ್ತಪ್ಪಾ."

ಸಾಯುವವರೆಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಮುರಿದಳು.