ಆರದ ಕೆಂಪು

ಬೆಳ್ಳಿ ಮುಚ್ಚಳವನ್ನು ಅಂಗೈ ಮೇಲಿಟ್ಟುಕೊಂಡು, ಉಸಿರು ಬಿಗಿಹಿಡಿದು, ಸುವರ್ಣಾ ಜೋಳದ ಕೂಳೆ ದಾಟುತ್ತಿದ್ದಳು. ಕೆತ್ತನೆಯೊಳಗೆ ತುಂಬಿದ ಗಾಜಿನ ಪುಡಿ ಇನ್ನೂ ಬೆಂಕಿ ಕಂಡಿರಲಿಲ್ಲ; ಜೋರಾಗಿ ಉಸಿರಾಡಿದರೂ ಹಾರಿಹೋಗುವಂಥದ್ದು.

ತಿಕೋಟಾದ ಮೀನಾಕಾರಿ ಕೆಲಸದ ಶಿವಯೋಗೆಪ್ಪ ಅಂದರೆ ಬಬಲೇಶ್ವರ, ವಿಜಯಪುರದ ಬೆಳ್ಳಿ ಅಂಗಡಿಗಳಿಗೆಲ್ಲ ಗೊತ್ತು. ಇಷ್ಟಲಿಂಗದ ಕರಡಿಗೆಯ ಮೇಲೆ ಬಣ್ಣದ ಗಾಜು ಕರಗಿಸಿ ಹೂ ಅರಳಿಸುವುದು ಅವನ ಅಜ್ಜನ ಕಾಲದ ಕಸುಬು. ತನ್ನ ಕರಡಿಗೆಗೆ ಕೈ ಹಚ್ಚಿದ್ದು ಮಾತ್ರ ಎಪ್ಪತ್ತು ತುಂಬಿದ ಮೇಲೆ. ಹಸಿರು, ನೀಲಿ ಮುಗಿದಿದ್ದವು. ಇಂದು ನಸುಕಿಗೆ ಅದರ ಮುಚ್ಚಳಕ್ಕೆ ಕೆಂಪು ತುಂಬಿಟ್ಟು ಗೋಡೆಗೆ ಒರಗಿದವನು ಹಾಗೇ ಲಿಂಗೈಕ್ಯನಾಗಿದ್ದ.

“ಊರ ಮಂದಿ ಲಿಂಗಕ್ಕೆಲ್ಲ ಬಣ್ಣದ ಮನಿ ಕಟ್ಟಿಕೊಟ್ರು, ತಮ್ಮ ಲಿಂಗಾನ ಬರೇ ಗ್ವಾಡಿ ಮನ್ಯಾಗ ಇಟ್ರು ನೋಡ್ರಿ,” ಎಂದಿದ್ದ ದರ್ಶನಕ್ಕೆ ಬಂದ ಬೆಳ್ಳಿ ಅಂಗಡಿಯ ಸತೀಶಕುಮಾರ. “ಹಚ್ಚಿದ ಕೂಡ್ಲೆ ಒಣಗೂ ಬಣ್ಣ ಬಂದಾವ ಕಾಕಾ, ಯಾಕ ಸುಡಾಕತ್ತೀರಿ ಅಂದ್ರ ಬೈದು ಹೊರಗ ಹಾಕಿದ್ರು.”

ಮಗಳು ಸುವರ್ಣಾ ಒಲೆ ಹಚ್ಚಲು ಹೋದಾಗ ಸೋದರತ್ತೆ ನೀಲಾಬಾಯಿ ಕೈ ಹಿಡಿದಿದ್ದಳು. “ಅಣ್ಣ ಇನ್ನೂ ಅಂಗಳದಾಗ ಕುಂತಾನ, ಮಣ್ಣ ಆಗೂಕ್ಕಿಂತ ಮೊದ್ಲ ಮನ್ಯಾಗ ಬೆಂಕಿ ಹಚ್ಚತೀಯೇನ ಬೇ?”

“ಅತ್ತಿ, ಇದು ಅಪ್ಪನ ಕೂಡ ಹೋಗಬೇಕ.”

“ಹಂಗಾರ ಹುಸೇನಸಾಬನ ಕಡೆ ಓಡು. ಅವನ ಕುಲುಮಿ ಕುಣಿ ತಗದ ನಮ್ಮ ಹೊಲದ ಬಾಜೂಕs ಐತಿ.”

*

ಯಾರ ಕರಡಿಗೆಯಾದರೂ ಬೆಂಕಿಗಿಟ್ಟ ಗಳಿಗೆಯಿಂದ ಅಪ್ಪ ‘ಓಂ ನಮಃ ಶಿವಾಯ’ ಎಣಿಸುತ್ತಿದ್ದ. ಹಸಿರಿಗೆ, ನೀಲಿಗೆ ಬಾಯಿಬಿಟ್ಟು. ಕೆಂಪಿಗೆ ಬಂದಾಗ ಮನಸ್ಸಿನೊಳಗೇ.

“ಕೆಂಪಿಗೆ ಎಷ್ಟ ಸಲ ಯಪ್ಪಾ?”

“ಅದು ಬಾಯಲೆ ಹೇಳಾಕ ಬರೂದಿಲ್ಲವ್ವಾ. ಹೊರಗ ತಗದಾಗ ಕೆಂಪ ಯಾವಾಗ್ಲೂ ಕರ್ರಗs ಇರತೈತಿ. ಆರಿದಂಗ ಕೆಂಪಾತಂದ್ರ ಶಿವಾ ಅನ್ನು. ಆಗಲಿಲ್ಲಂದ್ರ ಸುಟ್ಟಹೋತು.”

*

ಹುಸೇನಸಾಬ ತಿದಿ ಒತ್ತಿದ. “ಹೇಳವ್ವಾ, ಯಾವಾಗ ತಗೀಲಿ?”

ಸುವರ್ಣಾ ಎಣಿಸತೊಡಗಿದಳು. ಮೂವತ್ತಾಯಿತು. ನಲವತ್ತಾಯಿತು. ಪಕ್ಕದ ಹೊಲಕ್ಕೆ ಅಪ್ಪನನ್ನು ತಂದ ಭಜನೆ ನಿಂತಿತು.

“ತಗೀರಿ ಕಾಕಾ!”

ಇಕ್ಕಳದಲ್ಲಿ ಬಂದ ಮುಚ್ಚಳದ ಹೂಗಳು ಕರ್ರಗಿದ್ದವು.

“ಹೊತ್ತ ಮುಳಗಾಕತ್ತೈತಿ, ತರ್ರಿ,” ಕುಣಿಯ ಬಳಿಯಿಂದ ಸ್ವಾಮಿಗಳು ಕೂಗಿದರು.

“ತುಸು ತಡೀರಿ ಅಜ್ಜಾರ, ಇನ್ನೂ ಬಿಸಿ ಐತಿ.”

“ಅವರಿಗಿನ್ನ ಏನ್ ಬಿಸಿ ತಂಗೀ?”

ಯಾರೂ ನಗಲಿಲ್ಲ, ಸ್ವಾಮಿಗಳೂ ನಗಲೆಂದು ಅಂದಿರಲಿಲ್ಲ. ಸುವರ್ಣಾಳ ಜೊತೆ ಹೊಲಕ್ಕೆ ಬಂದ ಹುಸೇನಸಾಬ ಬಗ್ಗಿ, ಕುಣಿಯಲ್ಲಿ ಕುಳಿತವನ ತೊಡೆಯ ಮೇಲಿನ ವಿಭೂತಿ ರಾಶಿಗೆ ಇಕ್ಕಳದಿಂದಲೇ ಮುಚ್ಚಳವನ್ನಿಳಿಸಿದ. ಸುವರ್ಣಾ ಅಂಚಿಗೆ ಮೊಣಕಾಲೂರಿದಳು. ಒಂದು ಎಸಳಿನ ತುದಿ ಕೆಂಪಾಯಿತೋ, ಇಳಿಬಿಸಿಲು ತಾಗಿತೋ.

“ಸ್ವಲ್ಪ... ಇನ್ನೊಂದ ಸ್ವಲ್ಪ...”

ಅಷ್ಟರಲ್ಲಿ ನಾಲ್ಕೂ ಕಡೆಯಿಂದ ಪತ್ರಿ, ವಿಭೂತಿ, ಉಪ್ಪು ಸುರಿಯತೊಡಗಿದವು. ಮುಚ್ಚಳ ಕಾಣದಾಯಿತು. ಆ ಬಿಳುಪಿನ ಕೆಳಗೆಲ್ಲೋ ಉಪ್ಪಿನ ಹರಳೊಂದು ಕಾವಿಗೆ ಚಟ್ಟೆಂದು ಸಿಡಿಯಿತು.