ವಿಮಾನದ ಪರದೆಗೆ ಸಬ್ಬಕ್ಕಿ ಗಂಜಿ

ಕಾಟನ್ ಸೀರೆ ಒಗೆದ ಮೇಲೆ ಮುದ್ದೆಯಾಗಿ ಕೂತರೆ ನೀವು ಏನು ಮಾಡುತ್ತೀರಿ? ಗಂಜಿ ಹಾಕುತ್ತೀರಿ. ಪುರುಸೊತ್ತಿಲ್ಲದಿದ್ದರೆ ಅಂಗಡಿಗೆ ಕೊಡುತ್ತೀರಿ. ಚಿಕ್ಕಲಸಂದ್ರದ ಸುತ್ತಮುತ್ತ ಇದ್ದವರಾದರೆ ಆ ಅಂಗಡಿ ನಮ್ಮಮ್ಮ ಗೌರಮ್ಮನದೇ ಆಗಿರುತ್ತದೆ. ನಲವತ್ತು ವರ್ಷದಿಂದ ಅಮ್ಮ ಸೀರೆಗೆ ಗಂಜಿ ಹಾಕಿ ರೋಲ್ ಪ್ರೆಸ್ ಮಾಡುತ್ತಿದ್ದಾಳೆ. ಜಯನಗರದಿಂದ ಆಟೋ ಮಾಡಿಕೊಂಡು ಬಂದು ಸೀರೆ ಕೊಟ್ಟುಹೋಗುವವರಿದ್ದಾರೆ. ಕಣ್ಣು ಮುಚ್ಚಿ ಸೆರಗು ಸವರಿದರೆ ಸಾಕು, ಅಕ್ಕಿ ಗಂಜಿಯೋ ಸಬ್ಬಕ್ಕಿ ಗಂಜಿಯೋ, ಯಾವ ಅಂಗಡಿಯದು ಎಂದು ಹೇಳಿಬಿಡುತ್ತಾಳೆ.

ನಾನು ಅವಳ ಮಗಳು ಹೇಮಶ್ರೀ. ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ. ಬೇರೆ ಯಾರದೋ ಹೆಸರಿಟ್ಟು ಹೇಳಬಹುದಿತ್ತು. ಹಾಗೆ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹಿಂದೆ ಹೇಳಿದ ಸುಳ್ಳೇ ನನಗೆ ಸಾಕಾಗಿದೆ.

ಮೂರು ವರ್ಷದಿಂದ ನಾನು ಕುಮಾರಸ್ವಾಮಿ ಲೇಔಟಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿಗೆ ವಿಮಾನ ಬರುವುದಿಲ್ಲ, ವಿಮಾನದ ಬಟ್ಟೆಬರೆ ಬರುತ್ತದೆ ಎಂದು ನಾವು ತಮಾಷೆ ಮಾಡುತ್ತೇವೆ. ಸೀಟಿನ ಕವರ್, ಪರದೆ, ಕಾರ್ಪೆಟ್, ಒಳಗೋಡೆಗೆ ಅಂಟಿಸುವ ಚಿತ್ತಾರದ ಹಾಳೆ, ಇವೇ ಬರುವುದು. ಕಲೆ ತೆಗೆಯುವುದು, ಹರಿದದ್ದನ್ನು ಹೊಲಿಯುವುದು, ಎದ್ದು ಬಂದ ಹಾಳೆಯನ್ನು ಮತ್ತೆ ಕೂರಿಸುವುದು ನಮ್ಮ ಕೆಲಸ. ಮಾಲೀಕರು ಸೇತುರಾಮ ಸಾರ್, ಅರವತ್ತು ದಾಟಿದವರು. ಒಗೆದದ್ದು, ಹೊಲಿದದ್ದು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುವವರು ಸಮನ್ವಿತಾ ಮೇಡಂ, ನನಗಿಂತ ಹತ್ತು ವರ್ಷ ಚಿಕ್ಕವರು.

ವಿಮಾನದ ಬಟ್ಟೆ ಸುಲಭವಾಗಿ ಹತ್ತಿಕೊಳ್ಳುವಂಥದ್ದಲ್ಲ. ಬೆಂಕಿ ತಾಗಿದರೂ ಹರಡದೆ ತಾನೇ ಆರಬೇಕು, ಹಾಗೆಂದೇ ಅದನ್ನು ತಯಾರಿಸಿರುತ್ತಾರೆ. ಆದ್ದರಿಂದ ಪರದೆ ಒಗೆಯುವಾಗ ಅದೇ ಬಟ್ಟೆಯ ಒಂದು ತುಂಡನ್ನೂ ಜೊತೆಗೆ ಒಗೆಯುತ್ತೇವೆ. ಆಮೇಲೆ ಮೇಡಂ ಆ ತುಂಡನ್ನು ಗಾಜಿನ ಪೆಟ್ಟಿಗೆಯಲ್ಲಿ ನೇತುಹಾಕಿ ಹನ್ನೆರಡು ಸೆಕೆಂಡ್ ಬೆಂಕಿ ಹಿಡಿಯುತ್ತಾರೆ. ಬೆಂಕಿ ತೆಗೆದ ಮೇಲೆ ಅದು ಬೇಗ ಆರಿದರೆ ಪಾಸ್. ಒಗೆದವರು ಒಂದು ಶೀಟ್ ತುಂಬಬೇಕು. ಯಾವ ಸೋಪು, ನೀರು ಎಷ್ಟು ಬಿಸಿ, ಎಷ್ಟು ಸಲ ಜಾಲಿಸಿದ್ದು, ಎಲ್ಲ ಅದರಲ್ಲಿ ಬರೆಯಬೇಕು. ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆ ಇರುತ್ತದೆ: ಬೇರೆ ಏನಾದರೂ ಬಳಸಿದ್ದೀರಾ?

ಕೆಲಸಕ್ಕೆ ಸೇರಿದ ದಿನವೇ ಮೇಡಂ ಹೇಳಿದ್ದರು, "ಅಕ್ಕ, ಶೀಟಲ್ಲಿ ಏನಿದ್ಯೋ ಅಷ್ಟೇ ಹಾಕಿ. ಒಂದು ಚಮಚ ಜಾಸ್ತಿನೂ ಬೇಡ, ಮನೆ ಐಡಿಯಾನೂ ಬೇಡ."

ನಾನು "ಸರಿ ಮೇಡಂ" ಎಂದೆ. ಮನಸ್ಸಿನೊಳಗೆ ನಕ್ಕೆ. ಹುಟ್ಟಿದಾಗಿನಿಂದ ಬಟ್ಟೆಯ ನಡುವೆಯೇ ಬೆಳೆದವಳು ನಾನು, ಈ ಹುಡುಗಿ ನನಗೆ ಒಗೆಯುವುದನ್ನು ಕಲಿಸುತ್ತಾಳಾ ಎಂದುಕೊಂಡೆ. ಆ ಜಂಬವೇ ಮುಂದಿನದಕ್ಕೆಲ್ಲ ಕಾರಣ.

ಕಳೆದ ಶ್ರಾವಣದಲ್ಲಿ ಆರು ನೀಲಿ ಪರದೆಗಳು ಬಂದವು. ಒಗೆದೆ. ತುಂಡು ಪರೀಕ್ಷೆಗೆ ಹೋಗಿ ಪಾಸಾಯಿತು. ಆದರೆ ಪರದೆಗಳು ಜೋತುಬಿದ್ದ ಹಾಗೆ ಕಾಣುತ್ತಿದ್ದವು. ಶನಿವಾರ ವಿಮಾನ ಕಂಪನಿಯವರು ನೋಡಲು ಬರುವವರಿದ್ದರು. ನನ್ನ ಕೈಕೆಲಸ ಹೀಗೆ ಸೋತ ಮುಖ ಹಾಕಿಕೊಂಡು ಅವರ ಮುಂದೆ ನಿಲ್ಲುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಹಬ್ಬದ ಸೀಸನ್ ಆದ್ದರಿಂದ ಅಮ್ಮನ ಒಲೆಯ ಮೇಲೆ ಗಂಜಿ ಕುದಿಯುತ್ತಲೇ ಇತ್ತು. "ನಮ್ಮನೆ ಕರ್ಟನ್‌ಗೆ ಸ್ವಲ್ಪ ಬೇಕಮ್ಮ" ಎಂದು ಸುಳ್ಳು ಹೇಳಿ ಒಂದು ಡಬ್ಬಿ ತಂದೆ. ತೆಳ್ಳಗೆ ಮಾಡಿ ಆರೂ ಪರದೆಗಳನ್ನು ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿದೆ. ನೆರಿಗೆಗಳು ಲೆಕ್ಕ ಹಾಕಿ ಜೋಡಿಸಿದ ಹಾಗೆ ನಿಂತವು.

ಶೀಟಿನ ಕೊನೆಯ ಸಾಲಿಗೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ನಂತರ 'ಇಲ್ಲ' ಎಂದು ಬರೆದೆ.

ಬಂದವರು ಪರದೆಯನ್ನು ಮುಟ್ಟಿ ನೋಡಿ ಖುಷಿಪಟ್ಟರು. ಮೇಡಂ ಕೂಡ "ಅಕ್ಕ, ಫಿನಿಶಿಂಗ್ ಸಖತ್ತಾಗಿದೆ" ಎಂದರು. ನಾನು ಎರಡು ದಿನ ಆ ಮಾತಿನ ಖುಷಿಯಲ್ಲೇ ಓಡಾಡಿದೆ. ಸೋಮವಾರ ಎರಡು ಪರದೆಗಳು ವಿಮಾನಕ್ಕೆ ಹೋದವು. ಇನ್ನು ನಾಲ್ಕು ಗುರುವಾರ ಹೋಗಬೇಕಿತ್ತು.

ಮಂಗಳವಾರ ಬೆಳಗ್ಗೆ ಮೇಡಂ ನಮ್ಮೆಲ್ಲರನ್ನೂ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿ ಎರಡು ತುಂಡುಗಳನ್ನು ತೋರಿಸಿದರು. ಒಂದನ್ನು ಸರಿಯಾಗಿ ಒಗೆದಿದ್ದರು. ಇನ್ನೊಂದರಲ್ಲಿ ಸೋಪು ಸರಿಯಾಗಿ ಹೋಗಿರಲಿಲ್ಲ. ಮೊದಲನೆಯದು ಕಪ್ಪಾಗಿ ಆರಿತು. ಎರಡನೆಯದರಲ್ಲಿ ಬೆಂಕಿ ಮೇಲಕ್ಕೆ ಹತ್ತುತ್ತಲೇ ಹೋಯಿತು.

"ಬಟ್ಟೆ ಒಂದೇ" ಎಂದರು ಮೇಡಂ. "ಅದರ ಮೇಲೆ ಉಳ್ಕೊಂಡಿರೋದು ಉರೀತಿದೆ. ಸೋಪಾಗ್ಲಿ, ಕಂಡೀಷನರ್ ಆಗ್ಲಿ, ಸೆಂಟ್ ಆಗ್ಲಿ, ನಾವು ಸೇರಿಸಿದ್ದು ಬೆಂಕಿಗೆ ಊಟ ಆಗ್ಬಹುದು."

ನಾನು ತಿರುಗಿ ರ‍್ಯಾಕಿನಲ್ಲಿದ್ದ ನೀಲಿ ಪರದೆಗಳನ್ನು ನೋಡಿದೆ. ಪರೀಕ್ಷೆಯಲ್ಲಿ ಪಾಸಾದದ್ದು ಗಂಜಿ ಹಾಕದ ತುಂಡು. ವಿಮಾನಕ್ಕೆ ಹೋದದ್ದು ಗಂಜಿ ಹಾಕಿದ ಪರದೆ. ಅದು ಗೊತ್ತಿದ್ದವಳು ನಾನೊಬ್ಬಳೇ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಸಂಜೆ ಮೇಡಂ ತಮ್ಮ ಸ್ಕೂಟರಿನಲ್ಲಿ ನನ್ನನ್ನು ಬನಶಂಕರಿ ಬಸ್ ಸ್ಟ್ಯಾಂಡಿಗೆ ಬಿಟ್ಟರು. ದಾರಿಯುದ್ದಕ್ಕೂ ಅವರ ಬೆನ್ನು ನೋಡುತ್ತಾ ಕೂತಿದ್ದೆ. ಸಿಗ್ನಲ್ಲಿನಲ್ಲಿ ಅವರು ತಿರುಗಿ "ಏನಕ್ಕ, ಸೈಲೆಂಟಾಗಿದೀರಾ?" ಎಂದು ಕೇಳಿದರು. "ತಲೆನೋವು ಮೇಡಂ" ಎಂದೆ.

ಮನೆಗೆ ಬಂದು ಅಮ್ಮನನ್ನು ಸುತ್ತಿ ಬಳಸಿ ಕೇಳಿದೆ, "ಅಮ್ಮ, ಗಂಜಿ ಹಾಕಿರೋ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತಾ?"

"ಅಯ್ಯೋ ಹುಚ್ಚಿ" ಎಂದು ಅಮ್ಮ ನಕ್ಕಳು. "ನಲವತ್ತು ವರ್ಷ ಆಯ್ತು, ಒಂದು ಸೀರೆನಾದ್ರೂ ಹತ್ಕೊಂಡಿದ್ದು ನೋಡಿದೀಯಾ? ಸಬ್ಬಕ್ಕಿ ಕಣೇ ಅದು, ಪಾಯಸ ಮಾಡ್ಕೊಂಡು ತಿಂತೀವಿ."

ನನಗೆ ಬೇಕಾದದ್ದೂ ಆ ಮಾತೇ. ಅದನ್ನೇ ಸೆರಗಿಗೆ ಗಂಟು ಹಾಕಿಕೊಂಡೆ. ಆದರೂ ಅನ್ನ ಸೇರಲಿಲ್ಲ. ಮರುದಿನ ಊಟದ ಡಬ್ಬಿಯನ್ನೂ ಮರೆತು ಕೆಲಸಕ್ಕೆ ಹೋದೆ.

ಮಧ್ಯಾಹ್ನ ಅಮ್ಮ ಆ ಡಬ್ಬಿ ಹಿಡಿದುಕೊಂಡು ವರ್ಕ್‌ಶಾಪಿಗೇ ಬಂದುಬಿಟ್ಟಳು. ಸೇತುರಾಮ ಸಾರ್‌ಗೆ ಅವಳ ಪರಿಚಯವಿತ್ತು, ಅವರ ಹೆಂಡತಿಯ ಸೀರೆಗಳೂ ಅವಳ ಅಂಗಡಿಗೇ ಬರುತ್ತವೆ. "ಬನ್ನಿ ಗೌರಮ್ಮ, ಮಗಳ ಕೆಲಸ ನೋಡಿ" ಎಂದು ಒಳಗೆ ಕರೆದರು. ರ‍್ಯಾಕಿನಲ್ಲಿ ಆ ನಾಲ್ಕು ನೀಲಿ ಪರದೆಗಳಿದ್ದವು.

ಅಮ್ಮ ಕೈಯಿಟ್ಟಳು. ಬೆರಳಿನಿಂದ ಒಂದು ನೆರಿಗೆಯನ್ನು ತಿಕ್ಕಿದಳು. ಅವಳ ಮುಖ ಅರಳಿತು.

"ಸಾರ್, ಇದು ನಮ್ಮ ಗಂಜಿ! ನಮ್ಮ ಸಬ್ಬಕ್ಕಿ ಗಂಜಿ. ಅಲ್ವೇನೇ ಹೇಮಾ? ನೋಡ್ರೀ, ನನ್ನ ಕೈ ರುಚಿ ವಿಮಾನ ಹತ್ತಿದೆ!"

ವರ್ಕ್‌ಶಾಪಿನಲ್ಲಿ ಮಿಷನ್ನುಗಳು ನಿಂತವು. ಮೇಡಂ ತಲೆ ಎತ್ತಿದರು. ಸೇತುರಾಮ ಸಾರ್ ನನ್ನ ಕಡೆ ತಿರುಗಿದರು.

"ಹೇಮಾ, ಇದಕ್ಕೆ ಗಂಜಿ ಹಾಕಿದೀಯಾ?"

ಇದನ್ನು ಬರೆಯುವಾಗ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ. ನಾನು ಹೇಳಿದ್ದು ಇಷ್ಟು: "ಇಲ್ಲ ಸಾರ್. ಅಮ್ಮಂಗೆ ವಯಸ್ಸಾಯ್ತು, ಏನೋ ಹೇಳ್ತಾರೆ. ಅವ್ರಿಗೆ ಗೊತ್ತಾಗಲ್ಲ."

ಅಮ್ಮ ನನ್ನನ್ನು ನೋಡಿದಳು. ನನ್ನ ಕಣ್ಣಿನಲ್ಲಿ ಅವಳಿಗೆ ಏನು ಕಂಡಿತೋ, ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಕೈಯನ್ನು ಸೀರೆಗೆ ಒರೆಸಿಕೊಂಡಳು. "ಹೂಂ ಸಾರ್" ಎಂದಳು. "ನಂಗೇ ಗೊತ್ತಾಗ್ಲಿಲ್ಲ ಅನ್ಸುತ್ತೆ. ಕೈ ಮೊದ್ಲಿನ ಹಾಗಿಲ್ಲ."

ಮುಟ್ಟಿ ಹೇಳಿದ ಗಂಜಿಯನ್ನು ನಮ್ಮಮ್ಮ ಯಾವತ್ತೂ ತಪ್ಪು ಹೇಳಿದವಳಲ್ಲ. ಆ ಕೈಯೇ ಅವಳ ಮಾನ. ಅದನ್ನು ನನಗಾಗಿ ಎಲ್ಲರ ಮುಂದೆ ಅಲ್ಲಿ ಬಿಟ್ಟುಕೊಟ್ಟಳು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಎನಿಸಿತು. ಭೂಮಿ ಬಾಯಿ ಬಿಡುವುದಿಲ್ಲ, ನಾವೇ ಬಿಡಬೇಕು.

"ಹಾಕಿದೀನಿ ಸಾರ್" ಎಂದೆ. "ಆರಕ್ಕೂ ಹಾಕಿದೀನಿ. ಅಮ್ಮ ಹೇಳಿದ್ದೇ ನಿಜ. ಶೀಟಲ್ಲಿ ಸುಳ್ಳು ಬರ್ದಿದೀನಿ."

ಸಾರ್ ತಕ್ಷಣ ಫೋನ್ ಕೈಗೆತ್ತಿಕೊಂಡರು. ಸೋಮವಾರ ಹೋದ ಎರಡು ಪರದೆಗಳು ಯಾವ ವಿಮಾನದಲ್ಲಿವೆ, ಅದು ಈಗ ಎಲ್ಲಿದೆ ಎಂದು ಕೇಳತೊಡಗಿದರು. ಅದು ಆಕಾಶದಲ್ಲಿತ್ತು. ಇಳಿಯಲು ಇನ್ನೂ ಐವತ್ತು ನಿಮಿಷ ಇತ್ತು.

ಆ ಐವತ್ತು ನಿಮಿಷದಲ್ಲಿ ಅಮ್ಮ ಮೇಡಂ ಜೊತೆ ವಾದಕ್ಕಿಳಿದಳು. ಮಗಳ ಮರ್ಯಾದೆ ಹೋಗುತ್ತಿರುವಾಗ ಸುಮ್ಮನಿರುವವಳಲ್ಲ ಅವಳು.

"ಅಲ್ಲ ಕಣಮ್ಮ, ತಿನ್ನೋ ಪದಾರ್ಥ ಅದು. ಗಂಜಿ ಹಾಕಿದ್ರೆ ವಿಮಾನ ಬಿದ್ದೋಗುತ್ತಾ?"

"ಬೀಳಲ್ಲ ಅಮ್ಮ" ಎಂದರು ಮೇಡಂ. "ಆದ್ರೆ ಎಲ್ಲೋ ಒಂದು ಕಿಡಿ ಬಿತ್ತು ಅನ್ಕೊಳ್ಳಿ. ಬಸ್ಸಲ್ಲಾದ್ರೆ ಬ್ರೇಕ್ ಹಾಕಿ ಎಲ್ಲರೂ ಇಳೀಬಹುದು. ಅಲ್ಲಿ ಇಳಿಯೋಕೆ ಜಾಗ ಎಲ್ಲಿದೆ? ಕಿಡಿ ಬಿದ್ದ ಬಟ್ಟೆ ತಾನಾಗೇ ಆರಿದ್ರೆ ಜನಕ್ಕೆ ಟೈಮ್ ಸಿಗುತ್ತೆ. ಆ ಟೈಮಿಗೋಸ್ಕರಾನೇ ನಾವಿಲ್ಲಿ ಕೆಲಸ ಮಾಡ್ತಿರೋದು."

"ಎಲ್ಲಿ, ತೋರ್ಸು. ನನ್ನ ಗಂಜಿ ಉರಿಯೋದನ್ನ ನಾನೂ ನೋಡ್ತೀನಿ."

ಮೇಡಂ ಒಂದು ಪರದೆಯ ಅಂಚಿನಿಂದ ತುಂಡು ಕತ್ತರಿಸಿ ಪೆಟ್ಟಿಗೆಯಲ್ಲಿ ನೇತುಹಾಕಿದರು. ಪಕ್ಕದಲ್ಲಿ ಗಂಜಿ ಇಲ್ಲದ ಹಳೆಯ ತುಂಡು. ಹನ್ನೆರಡು ಸೆಕೆಂಡ್. ಬೆಂಕಿ ತೆಗೆದರು. ಹಳೆಯದು ಆರಿತು. ನನ್ನದು ಆರಲಿಲ್ಲ. ಕಿತ್ತಳೆ ಬಣ್ಣದ ಉರಿ ನಿಧಾನವಾಗಿ ತುದಿಯ ತನಕ ಏರಿತು. ಅಮ್ಮ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಳು. "ಇನ್ನೊಂದ್ ಸಲ" ಎಂದಳು. ಇನ್ನೊಂದು ಸಲವೂ ಹಾಗೇ ಆಯಿತು.

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ" ಎಂದಳು. "ನಮ್ದು ಸಬ್ಬಕ್ಕಿಗೆ ಹೋಯ್ತು ಕಣೇ."

ವಿಮಾನ ಇಳಿಯಿತು. ಮುಂದಿನ ಪ್ರಯಾಣಿಕರು ಹತ್ತುವ ಮೊದಲೇ ಪರದೆಗಳನ್ನು ಬಿಚ್ಚಿದರು. ಏನೂ ಆಗಿರಲಿಲ್ಲ. ಹಾಗೆಂದು ಎಲ್ಲರೂ ನನಗೆ ಸಮಾಧಾನ ಹೇಳುತ್ತಾರೆ. ಆದರೆ ಸೋಮವಾರದಿಂದ ಬುಧವಾರದ ತನಕ ಆ ಪರದೆಯ ಪಕ್ಕದಲ್ಲಿ ಕೂತವರು ಎಷ್ಟು ಜನವೋ ನನಗೆ ಗೊತ್ತಿಲ್ಲ. ಅವರಿಗೂ ನನ್ನ ಬಗ್ಗೆ ಗೊತ್ತಿಲ್ಲ. ಅವರೆಲ್ಲ ನನ್ನ 'ಇಲ್ಲ' ಎಂಬ ಮಾತನ್ನು ನಂಬಿ ಹಾರಿದರು.

ಸೇತುರಾಮ ಸಾರ್ ಸಂಜೆ ನನ್ನನ್ನು ಕರೆದರು. "ಗಂಜಿ ಹಾಕಿದ್ದು ದಡ್ಡತನ. ಅದನ್ನ ಕಲಿಸಿ ಸರಿ ಮಾಡ್ಬಹುದು. 'ಇಲ್ಲ' ಅಂತ ಬರ್ದಿದ್ಯಲ್ಲಮ್ಮ, ಅದಕ್ಕೆ ಏನ್ ಮಾಡ್ಲಿ ಹೇಳು?" ಎಂದರು. ಆರು ತಿಂಗಳು ನನ್ನನ್ನು ಒಗೆಯುವ ಕೆಲಸದಿಂದ ತೆಗೆದು ಹೊಲಿಗೆಗೆ ಹಾಕಿದರು. ಆರು ತಿಂಗಳು ಯಾವ ಶೀಟಿಗೂ ನಾನು ಸಹಿ ಮಾಡುವಂತಿರಲಿಲ್ಲ. ಅದು ನ್ಯಾಯವೇ.

ಬಸ್ಸಿನಲ್ಲಿ ಅಮ್ಮ ಪಕ್ಕದಲ್ಲೇ ಕೂತಿದ್ದಳು. ಬಸ್ಸು ಪದ್ಮನಾಭನಗರ ದಾಟಿತು. ಆಮೇಲೆ "ತಪ್ಪಾಯ್ತಮ್ಮ" ಎಂದೆ.

"ಗಂಜಿ ವಿಷ್ಯ ಬಿಡು, ನಂಗೂ ಗೊತ್ತಿರ್ಲಿಲ್ಲ" ಎಂದಳು. "ನಂಗೆ ಗೊತ್ತಾಗಲ್ಲ ಅಂದ್ಯಲ್ಲ ಹೇಮಾ."

ಅಷ್ಟೇ. ಅದಕ್ಕಿಂತ ಹೆಚ್ಚು ಅವಳು ಇವತ್ತಿನವರೆಗೂ ಹೇಳಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅಮ್ಮ ಬದಲಾದಳು. ಅಂಗಡಿಗೆ ಸೋಫಾ ಕವರೋ ಹೋಟೆಲಿನ ಪರದೆಯೋ ಬಂದರೆ ಮೊದಲು ತಿರುಗಿಸಿ ಲೇಬಲ್ ಹುಡುಕುತ್ತಾಳೆ. ಕನ್ನಡಕ ಸಿಗದಿದ್ದರೆ ಗಿರಾಕಿಗಳಿಂದಲೇ ಓದಿಸುತ್ತಾಳೆ. "ಸ್ವಲ್ಪ ಗಂಜಿ ಹಾಕಿಬಿಡಿ ಆಂಟಿ, ಏನಾಗುತ್ತೆ" ಎಂದು ಯಾರಾದರೂ ಅಂದರೆ, "ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ, ಲೇಬಲ್ ಏನ್ ಹೇಳುತ್ತೋ ಅದೇ" ಎನ್ನುತ್ತಾಳೆ. ಯಾರ ಕೈಯಿಂದ ಏನಾಯಿತು ಎಂದು ಮಾತ್ರ ಯಾರಿಗೂ ಹೇಳಿಲ್ಲ. ಅದನ್ನು ಹೇಳಬೇಕಾದವಳು ನಾನು. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಅಕ್ಕಂದಿರೇ, ಅಣ್ಣಂದಿರೇ, ವಿಮಾನದ ಸೀಟು, ಪರದೆ, ಗೋಡೆಯ ಹಾಳೆ ಮುಟ್ಟುವ ಕೆಲಸ ನಿಮ್ಮದಾದರೆ ಕೊಟ್ಟ ಸೋಪನ್ನೇ ಬಳಸಿ, ಹೇಳಿದ ಅಂಟನ್ನೇ ಹಚ್ಚಿ. ಮನೆಯಲ್ಲಿ ಕಲಿತ ಜಾಣತನ ದೊಡ್ಡದೇ, ಆದರೆ ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಅಂದವಾಗಿ ಕಾಣಲಿ ಎಂದು ಏನಾದರೂ ಸೇರಿಸುವ ಮೊದಲು ಕೇಳಿ. ಕೇಳದೆ ಸೇರಿಸಿದ್ದರೆ ಅದೇ ದಿನ ಹೇಳಿ, ಅದೇ ಗಂಟೆಯಲ್ಲಿ ಹೇಳಿ. ಬೈಗುಳ ಒಂದು ದಿನದ್ದು. ನಿಮ್ಮ ಕೆಲಸ ಬೇರೆ ಯಾವುದೇ ಆಗಿರಲಿ, ಕಾಗದದಲ್ಲಿ 'ಬೇರೆ ಏನಾದರೂ ಬಳಸಿದ್ದೀರಾ' ಎಂಬಂಥ ಒಂದು ಪ್ರಶ್ನೆ ಇದ್ದರೆ ಅದರ ಮುಂದೆ ನಿಜ ಬರೆಯಿರಿ.

ನನ್ನ ತಪ್ಪನ್ನು ನಮ್ಮಮ್ಮ ಹೇಳಬೇಕಾಯಿತು, ಆಮೇಲೆ ನನ್ನ ಸುಳ್ಳನ್ನೂ ಅವಳೇ ಹೊರಬೇಕಾಯಿತು. ನಿಮ್ಮ ಮನೆಯವರಿಗೆ ಆ ಕೆಲಸ ಬಿಡಬೇಡಿ.